ನಿರ್ಲಕ್ಷ್ಯದ ಬಾಲ್ಯ ಮತ್ತು ಗುಂಪಿನ ಸೆಳೆತ

ಯುವಕರ ಅಪರಾಧ ಗುಂಪುಗಳನ್ನು ಕುರಿತ ಸಂಶೋಧನೆ ಕಳೆದ ನಾಲ್ಕು ದಶಕಗಳಲ್ಲಿ ತನ್ನ ಪ್ರಶ್ನೆಯನ್ನೇ ಬದಲಿಸಿಕೊಂಡಿದೆ. ಗುಂಪು ಸೇರಿದ ಹುಡುಗ ಏನು ಮಾಡಿದನೆಂದು ಹುಡುಕುತ್ತಿದ್ದ ವಿದ್ವಾಂಸರು, ಅವನು ಗುಂಪು ಸೇರುವುದಕ್ಕೆ ಹತ್ತು ಹನ್ನೆರಡು ವರ್ಷ ಮುಂಚೆ, ಇನ್ನೂ ಮಾತು ಕಲಿಯುತ್ತಿದ್ದ ಕಾಲದಲ್ಲಿ, ಅವನ ಮನೆಯಲ್ಲಿ ಯಾರಿದ್ದರು, ಯಾರಿರಲಿಲ್ಲ, ಅತ್ತಾಗ ಎತ್ತಿಕೊಳ್ಳುವವರು ಇದ್ದರೇ ಎಂದು ಕೇಳತೊಡಗಿದ್ದಾರೆ. ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ ಮತ್ತು ನಿರ್ಲಕ್ಷ್ಯಗಳನ್ನು ಇಂದು ಗುಂಪು ಸೇರುವಿಕೆಯ ಅಪಾಯಾಂಶಗಳೆಂದು ಗುರುತಿಸಲಾಗುತ್ತದೆ. ಒಂದು ಪರಿಣಾಮದ ಸಂಭವವನ್ನು ಹೆಚ್ಚಿಸುವ, ಆದರೆ ಅದೊಂದೇ ಆ ಪರಿಣಾಮವನ್ನು ತಂದೇ ತರುತ್ತದೆಂದು ಹೇಳಲಾಗದ ಸಂಗತಿಗೆ ಅಪಾಯಾಂಶವೆನ್ನುತ್ತಾರೆ. ಈ ವ್ಯತ್ಯಾಸವನ್ನು ಮರೆತರೆ, ನೊಂದ ಮಕ್ಕಳನ್ನೆಲ್ಲ ನಾಳೆಯ ಅಪರಾಧಿಗಳೆಂದು ಕಾಣುವ ಅನ್ಯಾಯಕ್ಕೆ ವಿಜ್ಞಾನವೇ ನೆಪವಾಗುತ್ತದೆ.

ಈ ಅಧ್ಯಾಯದ ನೆಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ, ಅಂದರೆ 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆಯೊಂದಿಗೆ ಸೇರಿಕೊಂಡ ಐದು ತಾಲ್ಲೂಕುಗಳು. ಷಿಕಾಗೋ ಅಥವಾ ಲಾಸ್ ಏಂಜಲೀಸ್ ನಗರಗಳಲ್ಲಿರುವಂತೆ ಹೆಸರು, ಗುರುತು, ಗಡಿ ಹಾಕಿಕೊಂಡ ಗುಂಪುಗಳು ಈ ಊರುಗಳ ಬೀದಿಗಳಲ್ಲಿಲ್ಲ. ಹಾಗಿದ್ದೂ ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಗುಂಪುಗಳು ಬೆಳೆಯುವುದು ಬೆಂಗಳೂರಿನಂಥ ನಗರಗಳಲ್ಲಾದರೂ, ಅವುಗಳಿಗೆ ಸುಲಭವಾಗಿ ಒಲಿಯುವ ಬಾಲ್ಯ ರೂಪುಗೊಳ್ಳುವುದು ಅನೇಕ ಸಲ ನಗರಕ್ಕೆ ದುಡಿಮೆಗಾರರನ್ನು ಕಳಿಸುವ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ, ಮತ್ತು ಅಂಥ ಬಾಲ್ಯವನ್ನು ತಡೆಯುವ ಕೆಲಸವೂ ಅಲ್ಲಿಯೇ ನಡೆಯಬೇಕು.

ಗುಂಪು ಎಂಬ ಮಾತನ್ನು ಇಲ್ಲಿ ಒಂದು ನಿರ್ದಿಷ್ಟ ಅರ್ಥದಲ್ಲಿ ಬಳಸಲಾಗಿದೆ. ಷಿಕಾಗೋ ವಿಶ್ವವಿದ್ಯಾಲಯದ ಫ್ರೆಡರಿಕ್ ಥ್ರಾಷರ್ 1927ರಲ್ಲಿ ಆ ನಗರದ 1,313 ಗುಂಪುಗಳ ಅಧ್ಯಯನವನ್ನು ಪ್ರಕಟಿಸಿದಾಗ, ಅವುಗಳಲ್ಲಿ ಬಹುಪಾಲು ಆಟದ ಸಂಗಾತಿಗಳ ಕೂಟಗಳಾಗಿ ತಾವಾಗಿಯೇ ಹುಟ್ಟಿ, ಹೊರಗಿನವರೊಂದಿಗಿನ ಸಂಘರ್ಷದಿಂದ ಗಟ್ಟಿಯಾದವು ಎಂದು ತೋರಿಸಿದರು. ಇತ್ತೀಚಿನ ಸಂಶೋಧಕರು ಬಹುಮಟ್ಟಿಗೆ ಒಪ್ಪುವ ವಿವರಣೆಯಂತೆ, ಕೆಲಕಾಲ ಬಾಳುವ, ಹೆಚ್ಚು ಹೊತ್ತು ಬೀದಿಯಲ್ಲಿ ಕಳೆಯುವ, ಕಾನೂನುಬಾಹಿರ ಚಟುವಟಿಕೆಯನ್ನು ತನ್ನ ಗುರುತಿನ ಭಾಗವಾಗಿಯೇ ಮಾಡಿಕೊಂಡಿರುವ ಹದಿಹರೆಯದವರ ಕೂಟವೇ ಗುಂಪು. ಭಾರತದ ಸಂದರ್ಭದಲ್ಲಿ ಇದಕ್ಕೆ ಇನ್ನೊಂದು ಅಂಶ ಸೇರಬೇಕಾಗುತ್ತದೆ: ಹುಡುಗರ ಹಿಂದೆ ವಯಸ್ಕರು ನಿಂತಿರಬಹುದಾದ ಸಾಧ್ಯತೆ. ಕಳ್ಳತನಕ್ಕೆ, ಗಾಂಜಾ ಸಾಗಿಸುವುದಕ್ಕೆ, ಜೂಜಿನ ಹಣ ಮುಟ್ಟಿಸುವುದಕ್ಕೆ ಮಕ್ಕಳನ್ನು ಮುಂದೆ ಬಿಡುವ ಇಂಥವರನ್ನು ಉದ್ದೇಶಿಸಿಯೇ 2015ರ ಬಾಲ ನ್ಯಾಯ ಕಾಯ್ದೆಯ 83ನೇ ಕಲಮು ಏಳು ವರ್ಷದವರೆಗಿನ ಕಠಿಣ ಶಿಕ್ಷೆಯನ್ನೂ, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಮು ಮೂರರಿಂದ ಹತ್ತು ವರ್ಷಗಳ ಸೆರೆವಾಸವನ್ನೂ ವಿಧಿಸುತ್ತವೆ. ಗುಂಪಿನಲ್ಲಿರುವ ಮಗುವನ್ನು ಮೊದಲು ಬಳಕೆಯಾದವನನ್ನಾಗಿ, ಆಮೇಲೆ ತಪ್ಪು ಮಾಡಿದವನನ್ನಾಗಿ ನೋಡುವ ದೃಷ್ಟಿ ಈ ಕಲಮುಗಳ ಹಿಂದಿದೆ.

ಬಾಲ್ಯದ ನೋವು ಮತ್ತು ಮುಂದಿನ ಅಪರಾಧದ ನಡುವೆ ಸಂಬಂಧವಿದೆಯೆಂಬ ಮಾತು ಹಳೆಯದಾದರೂ ಅದನ್ನು ಅಳೆದು ನೋಡುವುದು ಸುಲಭವಾಗಿರಲಿಲ್ಲ. ಜೈಲಿನಲ್ಲಿರುವವರನ್ನು ಅವರ ಬಾಲ್ಯದ ಬಗ್ಗೆ ಕೇಳಿದರೆ ನೆನಪು ಮಸುಕಾಗಿರಬಹುದು ಅಥವಾ ಈಗಿನ ಸ್ಥಿತಿಯನ್ನು ವಿವರಿಸಿಕೊಳ್ಳುವ ಒತ್ತಡದಲ್ಲಿ ಬಣ್ಣ ಪಡೆದಿರಬಹುದು. ಅಲ್ಲದೆ, ಅದೇ ಬಗೆಯ ಬಾಲ್ಯವನ್ನು ಕಂಡೂ ಜೈಲು ಸೇರದವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅಮೆರಿಕದ ಮನೋವಿಜ್ಞಾನಿ ಕ್ಯಾಥಿ ಸ್ಪಾಟ್ಜ್ ವೈಡಮ್ ಈ ತೊಡಕನ್ನು ಬಿಡಿಸಲು ವಿರುದ್ಧ ದಿಕ್ಕಿನಿಂದ ಹೊರಟರು. 1967ರಿಂದ 1971ರವರೆಗೆ ನ್ಯಾಯಾಲಯದಲ್ಲಿ ದೃಢಪಟ್ಟ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಪ್ರಕರಣಗಳ 908 ಮಕ್ಕಳನ್ನೂ, ವಯಸ್ಸು, ಲಿಂಗ, ಜನಾಂಗ ಮತ್ತು ಆರ್ಥಿಕ ಸ್ಥಿತಿಯಲ್ಲಿ ಅವರನ್ನೇ ಹೋಲುವ, ಆದರೆ ಅಂಥ ದಾಖಲೆಯಿಲ್ಲದ 667 ಮಕ್ಕಳನ್ನೂ ಆಯ್ದುಕೊಂಡು, ಎರಡೂ ತಂಡಗಳ ಮುಂದಿನ ಬಂಧನದ ದಾಖಲೆಗಳನ್ನು ಹೋಲಿಸಿ 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ತಂಡದಲ್ಲಿ ಶೇ 26ರಷ್ಟು ಮಕ್ಕಳು ಬಾಲಾಪರಾಧಕ್ಕಾಗಿ ಬಂಧನಕ್ಕೊಳಗಾಗಿದ್ದರೆ ಎರಡನೆಯದರಲ್ಲಿ ಆ ಪ್ರಮಾಣ ಶೇ 17ರಷ್ಟಿತ್ತು.

ಆ ಅಧ್ಯಯನದ ಎರಡು ಅಂಶಗಳು ಹೆಚ್ಚಿನ ಗಮನಕ್ಕೆ ಅರ್ಹವಾಗಿವೆ. ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಗುರಿಯಾದವರಲ್ಲಿಯೂ ನಾಲ್ವರಲ್ಲಿ ಸುಮಾರು ಮೂವರು ಬಾಲಾಪರಾಧದ ದಾಖಲೆಯಿಲ್ಲದೆ ಬೆಳೆದರೆಂಬುದು ಮೊದಲನೆಯದು. ಇನ್ನೊಂದು ಅಂಶ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು: ಹೊಡೆತ ತಿಂದು ಬೆಳೆದವರಲ್ಲಿ ಶೇ 15.8ರಷ್ಟು ಮಂದಿ ಹಿಂಸಾತ್ಮಕ ಅಪರಾಧಕ್ಕಾಗಿ ಬಂಧಿತರಾಗಿದ್ದರೆ, ಯಾರ ಕೈಯಲ್ಲೂ ಹೊಡೆತ ತಿನ್ನದೆ ಕೇವಲ ನಿರ್ಲಕ್ಷ್ಯಕ್ಕೊಳಗಾದವರಲ್ಲಿಯೂ ಆ ಪ್ರಮಾಣ ಶೇ 12.5ರಷ್ಟಿತ್ತು, ಹೋಲಿಕೆಯ ತಂಡದಲ್ಲಿ ಅದು ಶೇ 7.9 ಮಾತ್ರ. ಊಟ, ಬಟ್ಟೆ, ಔಷಧಿ, ಮೇಲ್ವಿಚಾರಣೆ, ಮಮತೆ ಇವುಗಳಲ್ಲಿ ಮಗುವಿಗೆ ಬೇಕಾದದ್ದು ದೀರ್ಘಕಾಲ ಸಿಗದಿರುವ ಸ್ಥಿತಿಯೇ ನಿರ್ಲಕ್ಷ್ಯ. ಅದು ಮೈಮೇಲೆ ಗಾಯವನ್ನು ಉಳಿಸುವುದಿಲ್ಲ, ನೆರೆಹೊರೆಯವರು ಓಡಿಬರುವಂಥ ಕೂಗನ್ನು ಹೊರಡಿಸುವುದಿಲ್ಲ, ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಆದರೂ ಅದರ ಪರಿಣಾಮ ಹೊಡೆತದ ಪರಿಣಾಮಕ್ಕೆ ಬಹಳ ಹಿಂದೇನೂ ಬೀಳುವುದಿಲ್ಲ. ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳ ಮಟ್ಟಿಗೆ ವೈಡಮ್‌ರ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಏಕೆಂದರೆ ಇಲ್ಲಿ ನಿರ್ಲಕ್ಷ್ಯಕ್ಕೆ ಬಹುಪಾಲು ತಂದೆತಾಯಿಯರ ಕಲ್ಲು ಮನಸ್ಸು ಕಾರಣವಲ್ಲ. ಮಳೆ, ಸಾಲ ಮತ್ತು ಕೂಲಿ ಕಾರಣ. ತುಂಗಭದ್ರೆ ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಅಂಚನ್ನು ಮುಟ್ಟಿಯೇ ಹರಿದರೂ ಒಳನಾಡಿನ ಹೊಲಗಳು ಜೋಳ, ಶೇಂಗಾ, ಮೆಕ್ಕೆಜೋಳಗಳಿಗಾಗಿ ಮುಗಿಲನ್ನೇ ನೆಚ್ಚಿಕೊಂಡಿವೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಈ ಭಾಗವನ್ನು ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಅಥವಾ ಬಾರದೆಯೇ ಹೋದ ಮೇಲೆ, ತಾಂಡಾಗಳಿಂದ ಮತ್ತು ದಲಿತರ ಕೇರಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ: ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮೇಸ್ತ್ರಿಯಿಂದ ಪಡೆದ ಮುಂಗಡ ತೀರುವವರೆಗೆ ಹಿಂತಿರುಗುವ ಮಾತಿಲ್ಲ.

ಗುಳೆ ಹೋಗುವ ಕುಟುಂಬದ ಮುಂದೆ ಎರಡೇ ದಾರಿಗಳಿರುತ್ತವೆ, ಮತ್ತು ಎರಡರಲ್ಲೂ ಮಗು ಒಂದನ್ನು ಕಳೆದುಕೊಳ್ಳುತ್ತದೆ. ಜೊತೆಗೆ ಕರೆದೊಯ್ದರೆ ತಂದೆತಾಯಿ ಉಳಿಯುತ್ತಾರೆ, ಶಾಲೆ ಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅವರು ಗದ್ದೆಯಲ್ಲೋ ಸೆಂಟ್ರಿಂಗ್ ಮೇಲೋ ಇರುವಾಗ ಏಳೆಂಟು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಗುಡಿಸಲಲ್ಲಿ ನೋಡಿಕೊಳ್ಳುತ್ತಾಳೆ, ಅಂದರೆ ಅಲ್ಲಿ ಇಬ್ಬರು ಮಕ್ಕಳೂ ಹಿರಿಯರಿಲ್ಲದ ಮಕ್ಕಳೇ. ಊರಿನಲ್ಲೇ ಬಿಟ್ಟರೆ ಶಾಲೆ ಉಳಿಯುತ್ತದೆ, ತಂದೆತಾಯಿ ಹೋಗುತ್ತಾರೆ. ಮಗು ಅಜ್ಜಿಯ ವಶಕ್ಕೆ ಬರುತ್ತದೆ. ಅಜ್ಜಿಯ ಪಾತ್ರವನ್ನು ಕಡಿಮೆ ಮಾಡಿ ಹೇಳುವುದು ದೊಡ್ಡ ತಪ್ಪಾಗುತ್ತದೆ. ಎಳೆಯ ಮಗುವಿಗೆ ಬೇಕಾದ ಅಂಟಿಕೆಯನ್ನು, ಅಂದರೆ ಹೆದರಿದಾಗ ಓಡಿಹೋಗಿ ಅಪ್ಪಿಕೊಳ್ಳಬಹುದಾದ ಒಬ್ಬ ನಿಶ್ಚಿತ ವ್ಯಕ್ತಿಯೊಂದಿಗಿನ ಬಾಂಧವ್ಯವನ್ನು, ಸಾವಿರಾರು ಅಜ್ಜಿಯರು ಈ ಹಳ್ಳಿಗಳಲ್ಲಿ ಯಾವ ಯೋಜನೆಯ ನೆರವೂ ಇಲ್ಲದೆ ಕೊಡುತ್ತಿದ್ದಾರೆ. ಆದರೆ ಐದು ವರ್ಷದವನನ್ನು ತೊಡೆಯ ಮೇಲೆ ಮಲಗಿಸಿಕೊಂಡವಳಿಗೆ ಹದಿಮೂರು ವರ್ಷದವನು ರಾತ್ರಿ ಎಲ್ಲಿದ್ದ, ಯಾರೊಂದಿಗಿದ್ದ, ಅವನ ಕೈಗೆ ಹೊಸ ಮೊಬೈಲ್ ಎಲ್ಲಿಂದ ಬಂತು ಎಂದು ಬೆನ್ನುಹತ್ತಿ ಕೇಳುವ ಶಕ್ತಿ ಉಳಿದಿರುವುದಿಲ್ಲ.

ತಾಯಿಯಿಂದ ದೂರವಾಗುವುದರ ಪರಿಣಾಮವನ್ನು ಮೊದಲು ಗಂಭೀರವಾಗಿ ಚರ್ಚೆಗೆ ತಂದವರು ಲಂಡನ್ನಿನ ಮಕ್ಕಳ ವೈದ್ಯಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಜಾನ್ ಬೌಲ್ಬಿ. ಕಳ್ಳತನದ ಅಭ್ಯಾಸವಿದ್ದ 44 ಮಕ್ಕಳ ಬಗ್ಗೆ 1944ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಯಾರ ಮೇಲೂ ಮಮತೆ ತೋರದ 14 ಮಕ್ಕಳ ಪೈಕಿ 12 ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದರೆಂದು ಕಂಡುಬಂದಿತು. ಆ ಅಧ್ಯಯನ ಚಿಕ್ಕದು, ಮಕ್ಕಳನ್ನು ವರ್ಗೀಕರಿಸಿದವರೂ ವ್ಯಾಖ್ಯಾನಿಸಿದವರೂ ಬೌಲ್ಬಿಯೇ ಆದ್ದರಿಂದ ಅದರ ತೀರ್ಮಾನಗಳನ್ನು ಹಾಗೆಯೇ ಒಪ್ಪಲಾಗದು. ತಾಯಿಯೊಬ್ಬಳೇ ಈ ಬಾಂಧವ್ಯವನ್ನು ಕೊಡಬಲ್ಲಳೆಂಬ ಅಂದಿನ ನಂಬಿಕೆಯೂ ಮುಂದೆ ಸಡಿಲಗೊಂಡಿತು. ಅಗಲಿಕೆಗಿಂತಲೂ, ಅಗಲಿದವರ ಜಾಗವನ್ನು ತುಂಬುವವರು ಇಲ್ಲದಿರುವುದು ಹೆಚ್ಚಿನ ಹಾನಿಯೆಂಬುದು ಇಂದಿನ ತಿಳಿವಳಿಕೆ.

ಈ ಸೀಮೆಯಲ್ಲಿ ನಿರ್ಲಕ್ಷ್ಯ ಮನೆಯ ಹೊರಗಿನಿಂದಲೂ ಬರುತ್ತದೆ. ದೇವದಾಸಿ ಪದ್ಧತಿ ಆಳವಾಗಿ ಬೇರುಬಿಟ್ಟಿದ್ದ ಪ್ರದೇಶಗಳಲ್ಲಿ ಈ ತಾಲ್ಲೂಕುಗಳೂ ಸೇರುತ್ತವೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಮಾಡುವುದನ್ನು ತಡೆಯಲು ಅಧಿಕಾರಿಗಳು ಕಾವಲು ನಿಲ್ಲಬೇಕಾದ ಸ್ಥಿತಿ ನಿಷೇಧ ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರವೂ ಮುಂದುವರಿಯಿತು. ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದವು. ಈ ತಾಯಂದಿರು ಮಕ್ಕಳನ್ನು ಕಡೆಗಣಿಸಿದವರಲ್ಲ. ಕೂಲಿ ಮಾಡಿ, ಗುಳೆ ಹೋಗಿ ಒಬ್ಬೊಬ್ಬರೇ ಮಕ್ಕಳನ್ನು ಸಾಕಿದವರು. ಕಡೆಗಣಿಸಿದವನು ಹೊಣೆ ಹೊರದ ತಂದೆ, ಮತ್ತು ಅರ್ಜಿಯ ಪ್ರತಿ ನಮೂನೆಯಲ್ಲಿಯೂ ಆ ತಂದೆಯ ಹೆಸರನ್ನೇ ಕೇಳಿ ತರಗತಿಯ ಎದುರು ಮಗುವನ್ನು ತಲೆತಗ್ಗಿಸುವಂತೆ ಮಾಡಿದ ವ್ಯವಸ್ಥೆ. ಮಕ್ಕಳಿಗೆ ತಂದೆಯ ಗುರುತನ್ನೂ ಆಸ್ತಿಯ ಪಾಲನ್ನೂ ಕೋರುವ ಹಕ್ಕು ನೀಡುವ ಹೊಸ ಮಸೂದೆಯನ್ನು ರಾಜ್ಯದ ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ಹೊಸಪೇಟೆಯ ಸಖಿ ಟ್ರಸ್ಟ್‌ನಂಥ ಸಂಸ್ಥೆಗಳು ಈ ಕುಟುಂಬಗಳ ಹೆಣ್ಣುಮಕ್ಕಳ ಓದಿನ ಬೆನ್ನಿಗೆ ನಿಂತಿರುವುದು ನ್ಯಾಯವೇ, ಏಕೆಂದರೆ ಮುತ್ತು ಕಟ್ಟಿಸಿಕೊಳ್ಳುವ ಅಪಾಯ ಅವರದು. ಆದರೆ ಅದೇ ಮನೆಯ ಗಂಡುಮಕ್ಕಳು, ಅವಮಾನವನ್ನು ಅಷ್ಟೇ ಅನುಭವಿಸಿಯೂ, ಇಂಥ ಕಾಳಜಿಯ ಹೊರಗೆ ಉಳಿಯದಂತೆ ನೋಡಿಕೊಳ್ಳಬೇಕಾಗಿದೆ.

ಬಾಲ್ಯದ ಕೊರತೆ ಹದಿಹರೆಯದ ನಡವಳಿಕೆಯಾಗಿ ಮಾರ್ಪಡುವುದು ಹೇಗೆ ಎಂಬುದಕ್ಕೆ ಮಿದುಳು ಮತ್ತು ಮನಸ್ಸಿನ ಅಧ್ಯಯನಗಳು ಈಗ ಸಾಕಷ್ಟು ಸ್ಪಷ್ಟವಾದ ಉತ್ತರ ನೀಡುತ್ತವೆ. ಕೇಟಿ ಮೆಕ್‌ಲಾಕ್ಲಿನ್ ಮತ್ತು ಮಾರ್ಗರೆಟ್ ಶೆರಿಡನ್ ಎಂಬ ಸಂಶೋಧಕಿಯರು 2014ರ ಸುಮಾರಿಗೆ ಮಂಡಿಸಿದ ವಿಚಾರದಂತೆ ಬಾಲ್ಯದ ಕಷ್ಟಗಳನ್ನೆಲ್ಲ ಒಂದೇ ರಾಶಿ ಮಾಡಬಾರದು. ಬೆದರಿಕೆ ಒಂದು ಬಗೆ, ಕೊರತೆ ಇನ್ನೊಂದು ಬಗೆ, ಮತ್ತು ಎರಡೂ ಮಿದುಳಿನ ಮೇಲೆ ಬೇರೆ ಬೇರೆ ಹಾದಿಗಳಲ್ಲಿ ಕೆಲಸ ಮಾಡುತ್ತವೆ. ಹೊಡೆತದ ಭಯದಲ್ಲಿ ಬೆಳೆಯುವ ಮಗುವಿನಲ್ಲಿ ಅಪಾಯವನ್ನು ಗುರುತಿಸುವ ವ್ಯವಸ್ಥೆ ಸದಾ ಎಚ್ಚರವಾಗಿರುತ್ತದೆ. ಸೇಥ್ ಪೊಲ್ಲಾಕ್ ಎಂಬ ಮನೋವಿಜ್ಞಾನಿ ಮುಖಭಾವದ ಮಸುಕಾದ ಚಿತ್ರಗಳನ್ನು ಹಂತಹಂತವಾಗಿ ಸ್ಪಷ್ಟಗೊಳಿಸುತ್ತ ತೋರಿಸಿದಾಗ, ಹೊಡೆತ ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಇತರರಿಗಿಂತ ಬೇಗ ಗುರುತಿಸಿದರು. ಕೆನೆತ್ ಡಾಜ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದಂತೆ ಇಂಥ ಮಕ್ಕಳು ಆಕಸ್ಮಿಕವಾಗಿ ತಾಗಿದ ಭುಜವನ್ನೂ ಬೇಕೆಂದೇ ತಳ್ಳಿದ್ದೆಂದು ತಿಳಿಯುವ ಸಂಭವ ಹೆಚ್ಚು. ಮನೆಯಲ್ಲಿ ಮಗುವನ್ನು ಕಾಪಾಡಿದ ಈ ಎಚ್ಚರವೇ ಶಾಲೆಯ ಅಂಗಳದಲ್ಲಿ ಜಗಳಗಂಟನೆಂಬ ಹೆಸರನ್ನು ತರುತ್ತದೆ, ಸೌಮ್ಯ ಸ್ವಭಾವದ ಗೆಳೆಯರು ದೂರ ಸರಿಯುತ್ತಾರೆ.

ಕೊರತೆಯಲ್ಲಿ ಬೆಳೆದ ಮಗುವಿನ ತೊಂದರೆ ಬೇರೆಯದು. ಪೊಲ್ಲಾಕ್‌ರ ಇನ್ನೊಂದು ಅಧ್ಯಯನದಲ್ಲಿ ನಿರ್ಲಕ್ಷ್ಯಕ್ಕೊಳಗಾದ ಮಕ್ಕಳು ದುಃಖ, ಸಿಟ್ಟು, ಭಯಗಳ ಮುಖಗಳನ್ನು ಒಂದರಿಂದೊಂದು ಬೇರ್ಪಡಿಸಲು ಹೆಚ್ಚು ಕಷ್ಟಪಟ್ಟರು. ಮುಖ ನೋಡಿ ಮಾತಾಡಿಸುವವರಿಲ್ಲದೆ ಬೆಳೆದ ಮಗುವಿಗೆ ಮುಖಗಳನ್ನು ಓದುವ ಪಾಠವೇ ಸಿಕ್ಕಿರುವುದಿಲ್ಲ. ರುಮೇನಿಯಾದ ಬುಖಾರೆಸ್ಟ್ ನಗರದ ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆಯ್ದು ಸಾಕುಕುಟುಂಬಗಳಿಗೆ ಕಳಿಸಿ ಮಾಡಿದ ಪ್ರಸಿದ್ಧ ಅಧ್ಯಯನ, ಮಮತೆಯ ಮನೆ ಸಿಕ್ಕ ಮಕ್ಕಳು ಬುದ್ಧಿ ಮತ್ತು ಬಾಂಧವ್ಯಗಳೆರಡರಲ್ಲೂ ಚೇತರಿಸಿಕೊಂಡರೆಂದೂ, ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವರ ಚೇತರಿಕೆ ಹೆಚ್ಚೆಂದೂ ತೋರಿಸಿತು. ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಮಗುವಿನಲ್ಲಂತೂ ಭಯದ ಜೊತೆಗೆ ಯಾರಿಗೂ ಹೇಳಲಾಗದ ಗುಟ್ಟಿನ ಭಾರವೂ ಸೇರಿ, ಮನೆಯಲ್ಲಿ ಇರುವುದೇ ಅಸಹನೀಯವಾಗಿ, ಊರು ಬಿಟ್ಟು ಓಡಿಹೋಗುವ ಸಾಧ್ಯತೆ ಹೆಚ್ಚುತ್ತದೆ. ಭಾರತದಲ್ಲಿ ಬಾಲ್ಯದ ಪ್ರತಿಕೂಲ ಅನುಭವಗಳಿಗೂ ವ್ಯಸನ ಮತ್ತು ಅಂಕೆಯಿಲ್ಲದ ನಡವಳಿಕೆಗಳಿಗೂ ಇರುವ ನಂಟನ್ನು ಅರಿಯಲು ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ದೇಶದ ಹಲವು ಕೇಂದ್ರಗಳಲ್ಲಿ ನಡೆದಿರುವ ಸಿ-ವೇದ ಅಧ್ಯಯನ, ಆರರಿಂದ 23 ವರ್ಷದೊಳಗಿನ ಸುಮಾರು 9,000 ಮಂದಿಯನ್ನು ಒಳಗೊಂಡಿದೆ.

ಇಂಥ ಬಾಲ್ಯವನ್ನು ದಾಟಿ ಹದಿಹರೆಯಕ್ಕೆ ಬಂದ ಹುಡುಗನಿಗೆ ಗುಂಪು ಕೊಡುವುದೇನು? ಊಟ, ಮಲಗಲು ಜಾಗ, ಒಂದು ಅಡ್ಡಹೆಸರು, ಹೊಡೆಯಲು ಬಂದವರ ಎದುರು ನಿಲ್ಲುವ ನಾಲ್ಕು ಜನ, ಅಣ್ಣ ಎಂದು ಕರೆಯಬಹುದಾದ ಒಬ್ಬ ಹಿರಿಯ, ಮತ್ತು ಇವೆಲ್ಲಕ್ಕಿಂತ ಹೆಚ್ಚಾಗಿ, ತಾನು ಬಾರದಿದ್ದರೆ ಎಲ್ಲಿಗೆ ಹೋದನೆಂದು ಯಾರಾದರೂ ವಿಚಾರಿಸುತ್ತಾರೆಂಬ ಭರವಸೆ. ಇವೆಲ್ಲವೂ ಮಗುವಿಗೆ ನ್ಯಾಯವಾಗಿ ಸಲ್ಲಬೇಕಾದವೇ. ಅಪರಾಧ ಇವುಗಳಿಗೆ ತೆರಬೇಕಾದ ಬೆಲೆಯಾಗಿ ಆಮೇಲೆ ಬರುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಶಾಲಾ ಮಕ್ಕಳ ಸಮೀಕ್ಷೆಯನ್ನು ಆಧರಿಸಿ ಥಾಂಪ್ಸನ್ ಮತ್ತು ಬ್ರಾಟನ್-ಆಂಟ್ರಿಮ್ 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದೈಹಿಕ ಮತ್ತು ಲೈಂಗಿಕ ದೌರ್ಜನ್ಯಗಳೆರಡನ್ನೂ ಅನುಭವಿಸಿದವರು ಗುಂಪಿನಲ್ಲಿರುವ ಸಂಭವ ಇತರರಿಗಿಂತ ನಾಲ್ಕು ಪಟ್ಟಿನಷ್ಟು ಹೆಚ್ಚಾಗಿತ್ತು. ವಯಸ್ಸಿನ ಸಹಜ ಧರ್ಮವೂ ಗುಂಪಿನ ಸೆಳೆತಕ್ಕೆ ನೆರವಾಗುತ್ತದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ 306 ಮಂದಿಗೆ ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಕೊಟ್ಟು ನೋಡಿದಾಗ, ಗೆಳೆಯರ ಎದುರಿಗೆ ಹದಿಹರೆಯದವರು ಅಪಾಯಕ್ಕೆ ಒಡ್ಡಿಕೊಳ್ಳುವುದು ತೀರ ಹೆಚ್ಚಿತು, ವಯಸ್ಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಗುಂಪು ಕೆಟ್ಟವರನ್ನು ಆರಿಸಿಕೊಳ್ಳುತ್ತದೆಯೋ ಅಥವಾ ಸೇರಿದವರನ್ನು ಕೆಡಿಸುತ್ತದೆಯೋ ಎಂಬ ಹಳೆಯ ಚರ್ಚೆಗೆ 1988ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಆರಂಭವಾದ, ಸುಮಾರು ಸಾವಿರ ಶಾಲಾ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಟೆರೆನ್ಸ್ ಥಾರ್ನ್‌ಬೆರಿ ತಂಡದ ಅಧ್ಯಯನ ಉತ್ತರ ಕೊಟ್ಟಿದೆ. ಒಬ್ಬ ಹುಡುಗ ಗುಂಪಿನಲ್ಲಿದ್ದ ವರ್ಷಗಳಲ್ಲಿ ಅವನ ಅಪರಾಧ ಏರಿತ್ತು, ಬಿಟ್ಟ ಮೇಲೆ ಇಳಿದಿತ್ತು. ಗುಂಪು ಸೇರಿದ ಗಂಡುಮಕ್ಕಳಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಕಾಲ ಮಾತ್ರ ಅದರಲ್ಲಿದ್ದರು. ಹದಿನೈದು ವರ್ಷದವನ ಹೆಸರಿಗೆ ರೌಡಿಯೆಂಬ ಹಣೆಪಟ್ಟಿಯನ್ನು ಅಂಟಿಸಿ, ಊರು, ಶಾಲೆ, ನೆಂಟರು ಎಲ್ಲರೂ ಬಾಗಿಲು ಹಾಕಿಕೊಂಡರೆ, ತಾನಾಗಿಯೇ ಮುಗಿಯಬಹುದಾಗಿದ್ದ ಒಂದು ವರ್ಷ ಇಡೀ ಜೀವನವೇ ಆಗಿಬಿಡುತ್ತದೆ.

ಇಂಥ ಬಾಲ್ಯವನ್ನು ಕಂಡೂ ಬಹುಪಾಲು ಮಕ್ಕಳು ದಾರಿ ತಪ್ಪದೆ ಹೇಗೆ ಬೆಳೆದರು ಎಂಬ ಪ್ರಶ್ನೆ ಇದಕ್ಕಿಂತಲೂ ಬೆಲೆಯುಳ್ಳದ್ದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ನಡುವಯಸ್ಸಿನವರೆಗೆ ಗಮನಿಸುತ್ತ ಬಂದ ಎಮ್ಮಿ ವರ್ನರ್, ಬಡತನ, ಕುಡಿತ, ಮನೆಯ ಕಲಹಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥರೂ ಸಹೃದಯರೂ ಆದ ವಯಸ್ಕರಾದರೆಂದು ಕಂಡರು. ಅವರಲ್ಲಿ ಹೆಚ್ಚಿನವರಿಗೆ ತಂದೆತಾಯಿಯಲ್ಲದಿದ್ದರೂ ಅಜ್ಜಿ, ಸೋದರತ್ತೆ, ಶಿಕ್ಷಕರು ಹೀಗೆ ಬಿಡದೆ ಜೊತೆಗಿದ್ದ ಯಾರೋ ಒಬ್ಬ ಹಿರಿಯರಿದ್ದರು.

ಈ ಒಬ್ಬ ಹಿರಿಯರನ್ನು ಕೂಡ್ಲಿಗಿಯ ಅಥವಾ ಹಡಗಲಿಯ ಮಗುವಿಗೆ ಯಾವ ತಿಂಗಳಲ್ಲಿ, ಎಲ್ಲಿ ಒದಗಿಸಬೇಕೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಕಾಫಿ ಕೊಯ್ಲು ನವೆಂಬರಿನಲ್ಲಿ ಆರಂಭವಾಗಿ ಫೆಬ್ರವರಿ, ಮಾರ್ಚ್‌ವರೆಗೆ ನಡೆಯುತ್ತದೆ, ಅಂದರೆ ದಸರಾ ರಜೆಯ ನಂತರದ ಶಾಲಾ ಅವಧಿಗೂ ವಾರ್ಷಿಕ ಪರೀಕ್ಷೆಗೂ ಅದು ನೇರವಾಗಿ ಅಡ್ಡಬರುತ್ತದೆ. ಗುಳೆ ಹೋದವರ ಮಕ್ಕಳಿಗಾಗಿ ಊರಿನಲ್ಲೇ ನಡೆಸುವ ಹಂಗಾಮಿ ವಸತಿ ನಿಲಯಗಳ ಏರ್ಪಾಡು ಶಿಕ್ಷಣ ಇಲಾಖೆಯ ಕಾರ್ಯಕ್ರಮಗಳಲ್ಲಿದೆ; ಅವು ಕುಟುಂಬ ಲಾರಿ ಹತ್ತುವ ಮೊದಲೇ ತೆರೆದಿದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತವೆ, ಒಂದು ತಿಂಗಳು ತಡವಾದರೆ ಮಗು ಆಗಲೇ ತೋಟದ ಲೈನುಮನೆಯಲ್ಲಿರುತ್ತದೆ. ಉದ್ಯೋಗ ಖಾತ್ರಿಯ ಕೂಲಿಕಾರರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳು, ತಾಯಿಗೆ ಊರಿನಲ್ಲೇ ಕೆಲಸ ಸಿಕ್ಕಷ್ಟು ದಿನ ಎಂಟು ವರ್ಷದ ಅಕ್ಕನನ್ನು ಶಾಲೆಯಲ್ಲಿ ಉಳಿಸಬಲ್ಲವು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ದೊರೆಯುವ ತಿಂಗಳಿಗೆ 4,000 ರೂಪಾಯಿ, ಅಜ್ಜಿಯ ಮನೆಯಲ್ಲಿರುವ ಮಗುವಿನ ಮಟ್ಟಿಗೆ ಸಣ್ಣ ಮೊತ್ತವಲ್ಲ. ಆದರೆ ಅದರ ಕಾಗದಪತ್ರಗಳನ್ನು ಜೋಡಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಮುಟ್ಟಿಸಬೇಕಾದವಳು ಓದು ಬಾರದ, ಹರಪನಹಳ್ಳಿಯ ಆಚೆಯ ತಾಂಡಾದಲ್ಲಿರುವ ಮುದುಕಿ, ಮತ್ತು ಜಿಲ್ಲಾ ಕೇಂದ್ರವಿರುವುದು ದೂರದ ಹೊಸಪೇಟೆಯಲ್ಲಿ. ಈ ಅಂತರವನ್ನು ದಾಟಿಸುವ ಕೆಲಸ ಅಂಗನವಾಡಿ ಕಾರ್ಯಕರ್ತೆಯ ಮತ್ತು ಪಂಚಾಯಿತಿಯ ಹೊಣೆಯಾಗಿ ಸ್ಪಷ್ಟವಾಗಿ ಬರೆಯಲ್ಪಡಬೇಕು.

ಇದಕ್ಕಿಂತ ಕಠಿಣವಾದದ್ದು ಹದಿನಾಲ್ಕರ ನಂತರದ ಕಾಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಆರರಿಂದ ಹದಿನಾಲ್ಕು ವರ್ಷದವರೆಗಿನದು. 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕು ದಾಟಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಬಿಡುತ್ತದೆ. ಗುಂಪು ಸೇರುವುದು ಅತಿ ಹೆಚ್ಚಾಗಿ ಕಂಡುಬರುವುದೂ ಹದಿಮೂರರಿಂದ ಹದಿನೈದರ ಆಸುಪಾಸಿನಲ್ಲೇ. ಎಂಟನೇ ತರಗತಿಯ ನಂತರ ಹಾಜರಿ ಪುಸ್ತಕದಿಂದ ಹೆಸರು ಕಳಚಿದ ಹುಡುಗನನ್ನು ಹುಡುಕಿ ಹೋಗುವ ಕರ್ತವ್ಯ ಆ ವಯಸ್ಸಿನಲ್ಲಿ ಯಾವ ಇಲಾಖೆಗೂ ಪೂರ್ತಿಯಾಗಿ ಸೇರಿಲ್ಲ. ಗುಳೆ ಹೋದವರ ಮಕ್ಕಳ ಪಟ್ಟಿಯನ್ನು ಶಾಲೆ, ಅಂಗನವಾಡಿ ಮತ್ತು ಪಂಚಾಯಿತಿ ಸೇರಿ ಹದಿನಾಲ್ಕಕ್ಕೆ ನಿಲ್ಲಿಸದೆ ಹದಿನೆಂಟರವರೆಗೆ ಇಟ್ಟುಕೊಂಡು, ದಸರಾದಿಂದ ಯುಗಾದಿಯವರೆಗೆ ತಿಂಗಳಿಗೊಮ್ಮೆಯಾದರೂ ಪ್ರತಿ ಮಗುವಿನ ಮನೆಗೆ ಹೆಸರು ಗೊತ್ತಿರುವ ಒಬ್ಬರು ಹೋಗಿ ಬರುವ ಏರ್ಪಾಡಿಗೆ ಹೊಸ ಕಾಯ್ದೆ ಬೇಕಿಲ್ಲ. ಪಂಚಾಯಿತಿಯ ಒಂದು ನಿರ್ಣಯ ಮತ್ತು ಆ ಭೇಟಿಗೆ ಗೌರವಧನ ಸಾಕು.